ಆಡಳಿತ ಸೇವೆಯೋ, ಪೊಲೀಸ್ ಸೇವೆಯೋ: ಕೊಡಗಿನ ಅಭ್ಯರ್ಥಿಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಪರೀಕ್ಷೆಗೆ ಸಿದ್ಧರಾಗುವ ನಮ್ಮ ಜಿಲ್ಲೆಯ ಯುವಕ ಯುವತಿಯರು ಪಠ್ಯಕ್ರಮ, ಐಚ್ಛಿಕ ವಿಷಯ, ತರಬೇತಿ ಕೇಂದ್ರ ಎಂದು ತಿಂಗಳುಗಟ್ಟಲೆ ವಿಚಾರಿಸುತ್ತಾರೆ. ಐಎಎಸ್ ಬೇಕೋ ಐಪಿಎಸ್ ಬೇಕೋ ಎಂಬ ಪ್ರಶ್ನೆಯನ್ನು ಮಾತ್ರ ಅರ್ಜಿಯಲ್ಲಿ ಆದ್ಯತಾ ಕ್ರಮ ತುಂಬುವ ದಿನದವರೆಗೂ ಮುಂದೂಡುತ್ತಾರೆ. ಆ ದಿನ ಬಂದಾಗ ಮನೆಯ ಹಿರಿಯರ ಒಲವು, ಗೆಳೆಯರ ಮಾತು ಅಥವಾ ಯಾವುದೋ ಅಧಿಕಾರಿಯ ಭಾಷಣ ಅವರ ಪರವಾಗಿ ನಿರ್ಧಾರ ಮಾಡಿಬಿಡುತ್ತದೆ. ಮೂವತ್ತು ವರ್ಷ ಮಾಡಬೇಕಾದ ಕೆಲಸವನ್ನು ಹೀಗೆ ಆರಿಸಿಕೊಳ್ಳುವುದು ಸರಿಯಲ್ಲ. ಈ ಎರಡು ಸೇವೆಗಳಲ್ಲಿ ಯಾವುದು ದೊಡ್ಡದು ಎಂಬ ಚರ್ಚೆ ಇಲ್ಲಿಲ್ಲ. ಆ ಕುರ್ಚಿಯಲ್ಲಿ ಕುಳಿತವರು ಬೆಳಗಿನಿಂದ ರಾತ್ರಿಯವರೆಗೆ ಏನು ಮಾಡುತ್ತಾರೆ, ಆ ಕೆಲಸ ನಿಮ್ಮ ಸ್ವಭಾವಕ್ಕೆ ಒಗ್ಗುತ್ತದೆಯೇ ಎಂಬುದನ್ನು ಮಡಿಕೇರಿಯಲ್ಲಿದ್ದುಕೊಂಡೇ ಕಂಡುಕೊಳ್ಳುವ ಬಗೆಯನ್ನು ಹಂತ ಹಂತವಾಗಿ ವಿವರಿಸಿದ್ದೇನೆ.

ಮೊದಲ ಹೆಜ್ಜೆ: ಸಮವಸ್ತ್ರದ ಸೆಳೆತವನ್ನು ಬೇರ್ಪಡಿಸಿ ನೋಡಿ

ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಮತ್ತು ಜನರಲ್ ತಿಮ್ಮಯ್ಯ ಹುಟ್ಟಿದ ನಾಡಿದು. ಸೈನ್ಯದಲ್ಲಿ ಒಬ್ಬರಾದರೂ ಇಲ್ಲದ ಕುಟುಂಬ ಹುಡುಕಿದರೂ ಸಿಗದ ಊರುಗಳು ಇಲ್ಲಿವೆ. ಕೂಡಿಗೆಯಲ್ಲಿ 2007ರಿಂದ ಸೈನಿಕ ಶಾಲೆಯಿದೆ. ಹೀಗಾಗಿ ಸಮವಸ್ತ್ರಕ್ಕೆ ಇಲ್ಲಿ ಸಿಗುವ ಗೌರವ ಬೇರೆಡೆ ಸುಲಭವಾಗಿ ಕಾಣಸಿಗುವುದಿಲ್ಲ. ಇದು ಹೆಮ್ಮೆಯ ಸಂಗತಿಯೇ ಹೌದು. ಆದರೆ ಸೈನ್ಯಕ್ಕೆ ಹೋಗಲಾಗದಿದ್ದವರು ಅದರ ಬದಲಿಗೆ ಎಂದು ಐಪಿಎಸ್ ಕಡೆಗೆ ವಾಲುವುದನ್ನು ಮತ್ತೆ ಮತ್ತೆ ನೋಡಿದ್ದೇನೆ, ಈ ವಾಲುವಿಕೆಯ ಬಗ್ಗೆ ಎಚ್ಚರಿಕೆ ಬೇಕು.

ಸೈನಿಕನು ಗಡಿಯಾಚೆಯ ಶತ್ರುವಿಗೆ ಎದುರಾಗುತ್ತಾನೆ. ಪೊಲೀಸ್ ಅಧಿಕಾರಿಯ ಎದುರಿಗೆ ಇರುವವರು ತನ್ನದೇ ದೇಶದ ಪ್ರಜೆಗಳು, ಅವರಿಗೆ ಸಂವಿಧಾನ ಕೊಟ್ಟ ಹಕ್ಕುಗಳಿವೆ. ಬಂಧಿಸಿದವರನ್ನು 24 ಗಂಟೆಗಳೊಳಗೆ ನ್ಯಾಯಾಧೀಶರ ಮುಂದೆ ಹಾಜರುಪಡಿಸಬೇಕು. ಅಪರಾಧದ ಗಂಭೀರತೆಗೆ ತಕ್ಕಂತೆ 60 ಅಥವಾ 90 ದಿನಗಳೊಳಗೆ ದೋಷಾರೋಪ ಪಟ್ಟಿ ಸಲ್ಲಿಸದಿದ್ದರೆ ಆರೋಪಿಗೆ ಜಾಮೀನು ಹಕ್ಕಾಗಿ ದೊರೆಯುತ್ತದೆ. ಪ್ರತಿ ಮಹಜರು, ಪ್ರತಿ ಹೇಳಿಕೆ, ವಶಪಡಿಸಿಕೊಂಡ ಪ್ರತಿ ವಸ್ತು ವರ್ಷಗಳ ನಂತರ ನ್ಯಾಯಾಲಯದಲ್ಲಿ ಪ್ರಶ್ನೆಗೆ ಒಳಗಾಗುತ್ತದೆ. ಶೌರ್ಯ ಬೇಕಾಗುವ ಗಳಿಗೆಗಳು ಖಂಡಿತ ಬರುತ್ತವೆ, ಆದರೆ ದಿನನಿತ್ಯ ಬೇಕಾಗುವುದು ಕಾನೂನಿನ ಓದು, ಸಾಕ್ಷ್ಯದ ಮೇಲಿನ ಶ್ರದ್ಧೆ ಮತ್ತು ಕೋಪವನ್ನು ತಡೆದುಕೊಳ್ಳುವ ಗುಣ. ಖಾಕಿ ಬಟ್ಟೆಯನ್ನು ಮನಸ್ಸಿನಿಂದ ತೆಗೆದಿಟ್ಟ ಮೇಲೂ ಈ ಕೆಲಸ ನಿಮ್ಮನ್ನು ಸೆಳೆದರೆ ಆ ಒಲವು ನಿಜವಾದದ್ದು.

ಆಡಳಿತ ಸೇವೆಯ ಬಗ್ಗೆಯೂ ಇಂಥದೇ ಒಂದು ತಪ್ಪು ಕಲ್ಪನೆಯಿದೆ. ಜಿಲ್ಲಾಧಿಕಾರಿಯ ಹುದ್ದೆ ಎಂದರೆ ನಿರಾತಂಕದ, ಮೇಜಿನ ಹಿಂದಿನ ಬದುಕು ಎಂದು ಭಾವಿಸುವವರು ಮಳೆಗಾಲದಲ್ಲಿ ಒಮ್ಮೆ ಜಿಲ್ಲಾಡಳಿತ ಭವನದ ನಿಯಂತ್ರಣ ಕೊಠಡಿಗೆ ಎಡತಾಕುವವರ ಸಾಲನ್ನು ನೋಡಬೇಕು.

ಎರಡನೆಯ ಹೆಜ್ಜೆ: ಒಂದೇ ಘಟನೆಯನ್ನು ಎರಡೂ ಕುರ್ಚಿಗಳಿಂದ ನೋಡಿ

ಪುಸ್ತಕಗಳಲ್ಲಿ ಇರುವ ಅಧಿಕಾರಗಳ ಪಟ್ಟಿಯಿಂದ ಈ ಸೇವೆಗಳು ಅರ್ಥವಾಗುವುದಿಲ್ಲ. ನಮ್ಮ ಕಣ್ಣೆದುರೇ ನಡೆದ ಘಟನೆಗಳನ್ನು ಬಿಡಿಸಿ ನೋಡಿದರೆ ವ್ಯತ್ಯಾಸ ತಾನಾಗಿ ತಿಳಿಯುತ್ತದೆ.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮಾದಾಪುರ, ಹಟ್ಟಿಹೊಳೆ, ಜೋಡುಪಾಲದ ಕಡೆ ಗುಡ್ಡಗಳು ಕುಸಿದಾಗ ಜಿಲ್ಲೆಯ ಎರಡೂ ಪ್ರಮುಖ ಹುದ್ದೆಗಳಲ್ಲಿ ಮಹಿಳೆಯರೇ ಇದ್ದರು: ಜಿಲ್ಲಾಧಿಕಾರಿಯಾಗಿ ಪಿ.ಐ. ಶ್ರೀವಿದ್ಯಾ, ಪೊಲೀಸ್ ವರಿಷ್ಠಾಧಿಕಾರಿಯಾಗಿ ಡಾ. ಸುಮನ್ ಡಿ. ಪೆನ್ನೇಕರ್. ಹೆಣ್ಣುಮಕ್ಕಳಿಗೆ ಯಾವ ಸೇವೆ ಸೂಕ್ತ ಎಂದು ಇಂದಿಗೂ ಕೇಳುವ ಪೋಷಕರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರು, ಪೊಲೀಸ್ ವರಿಷ್ಠಾಧಿಕಾರಿ ಅದರ ಪದನಿಮಿತ್ತ ಸದಸ್ಯರು. ಕೆಲಸದ ಹಂಚಿಕೆಯೂ ಇದರಲ್ಲೇ ಅಡಗಿದೆ.

ಇಂಥ ವಿಪತ್ತಿನಲ್ಲಿ ಪೊಲೀಸ್ ಅಧಿಕಾರಿಯ ಕೆಲಸ ಗಂಟೆಗಳ ಲೆಕ್ಕದಲ್ಲಿ ನಡೆಯುತ್ತದೆ. ಯಾವ ರಸ್ತೆ ಮುಚ್ಚಬೇಕು, ಮನೆ ಬಿಟ್ಟು ಬರಲೊಪ್ಪದ ವೃದ್ಧರನ್ನು ಹೇಗೆ ಕರೆತರಬೇಕು, ಕಾಣೆಯಾದವರ ಪಟ್ಟಿಯನ್ನು ಯಾರು ತಾಳೆ ನೋಡಬೇಕು, ಖಾಲಿಯಾದ ಮನೆಗಳಲ್ಲಿ ಕಳ್ಳತನ ಆಗದಂತೆ ಎಲ್ಲಿ ಪಹರೆ ಹಾಕಬೇಕು, ಅಣೆಕಟ್ಟು ಒಡೆಯಿತೆಂಬ ವದಂತಿ ಹಬ್ಬಿದರೆ ಹೇಗೆ ತಡೆಯಬೇಕು ಎಂಬುದೆಲ್ಲ ಆಗಲೇ ತೀರ್ಮಾನವಾಗಬೇಕಾದ ವಿಷಯಗಳು. ಆಡಳಿತಾಧಿಕಾರಿಯ ಕೆಲಸವೂ ಅದೇ ರಾತ್ರಿ ಶುರುವಾಗುತ್ತದೆ, ಆದರೆ ಮುಗಿಯುವುದು ವರ್ಷಗಳ ನಂತರ. ಪರಿಹಾರ ಕೇಂದ್ರಗಳಲ್ಲಿ ಅಕ್ಕಿ, ಕಂಬಳಿ, ಶೌಚಾಲಯ. ಆಮೇಲೆ ಮನೆ ಹಾನಿಯ ಸಮೀಕ್ಷೆ. ಆಮೇಲೆ ಫಲಾನುಭವಿಗಳ ಪಟ್ಟಿ, ಪಟ್ಟಿಯಿಂದ ಬಿಟ್ಟುಹೋದವರ ಆಕ್ಷೇಪಣೆ, ಗುಡ್ಡದ ಇಳಿಜಾರಲ್ಲದ ಸರ್ಕಾರಿ ಜಾಗದ ಹುಡುಕಾಟ, ಭೂವಿಜ್ಞಾನಿಗಳ ವರದಿ, ಟೆಂಡರು, ಗುತ್ತಿಗೆದಾರರು, ನೀರು, ವಿದ್ಯುತ್ತು, ಹಕ್ಕುಪತ್ರ. ಜಂಬೂರು, ಕರ್ಣಂಗೇರಿ, ಮದೆನಾಡಿನ ಮನೆಗಳು ಎದ್ದು ನಿಂತದ್ದು ಇಂಥ ನೂರಾರು ಕಡತಗಳ ಮೇಲೆ. ಒಬ್ಬ ಜಿಲ್ಲಾಧಿಕಾರಿ ಆರಂಭಿಸಿದ್ದನ್ನು ಮತ್ತೊಬ್ಬರು ಮುಂದುವರಿಸುತ್ತಾರೆ, ಕೀಲಿ ಕೊಡುವಾಗ ಆರಂಭಿಸಿದವರು ಅಲ್ಲಿರುವುದಿಲ್ಲ.

ಎರಡನೆಯ ಉದಾಹರಣೆ ದಿಡ್ಡಳ್ಳಿ. 2016ರ ಡಿಸೆಂಬರ್‌ನಲ್ಲಿ ಸಿದ್ದಾಪುರ ಸಮೀಪದ ದಿಡ್ಡಳ್ಳಿಯಲ್ಲಿ ಅರಣ್ಯ ಜಾಗದಲ್ಲಿ ಗುಡಿಸಲು ಹಾಕಿಕೊಂಡಿದ್ದ ಆದಿವಾಸಿ ಕುಟುಂಬಗಳನ್ನು ಅರಣ್ಯ ಇಲಾಖೆ ಪೊಲೀಸ್ ಬಂದೋಬಸ್ತಿನಲ್ಲಿ ತೆರವುಗೊಳಿಸಿತು. ಅಲ್ಲಿಂದಾಚೆಗೆ ಪ್ರತಿಭಟನೆ ನಡೆಯಿತು, ಕೊನೆಗೆ ಬಸವನಹಳ್ಳಿ ಮತ್ತು ಬ್ಯಾಡಗೊಟ್ಟದಲ್ಲಿ ಪುನರ್ವಸತಿ ಕಲ್ಪಿಸಲಾಯಿತು. ಈ ಘಟನೆಯನ್ನು ಒಂದು ಹಾಳೆಯಲ್ಲಿ ಬರೆದುಕೊಂಡು, ತೆರವಿನ ದಿನ ಅಲ್ಲಿ ನಿಂತ ಪೊಲೀಸ್ ಅಧಿಕಾರಿ ನೀವಾಗಿದ್ದರೆ ಸಿಬ್ಬಂದಿಗೆ ಯಾವ ಸೂಚನೆ ಕೊಡುತ್ತಿದ್ದಿರಿ ಎಂದು ಯೋಚಿಸಿ. ನಂತರ, ಆ ಕುಟುಂಬಗಳಿಗೆ ಜಾಗ ಹುಡುಕುವ ಹೊಣೆ ಹೊತ್ತ ಕಂದಾಯ ಅಧಿಕಾರಿ ನೀವಾಗಿದ್ದರೆ ಮೊದಲು ಯಾವ ದಾಖಲೆ ತರಿಸುತ್ತಿದ್ದಿರಿ ಎಂದು ಯೋಚಿಸಿ. ಅರಣ್ಯ ಹಕ್ಕು ಕಾಯ್ದೆಯಡಿ ಉಪವಿಭಾಗ ಮಟ್ಟದ ಸಮಿತಿಗೆ ಉಪವಿಭಾಗಾಧಿಕಾರಿ, ಜಿಲ್ಲಾ ಮಟ್ಟದ ಸಮಿತಿಗೆ ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುತ್ತಾರೆ ಎಂಬುದನ್ನು ನೆನಪಿನಲ್ಲಿಡಿ. ಎರಡರಲ್ಲಿ ಯಾವ ಪ್ರಶ್ನೆಗೆ ನಿಮ್ಮ ಮನಸ್ಸು ಹೆಚ್ಚು ಹೊತ್ತು ಕೆಲಸ ಮಾಡಿತು ಎಂಬುದು ನಿಮ್ಮ ಬಗ್ಗೆ ಬಹಳಷ್ಟನ್ನು ಹೇಳುತ್ತದೆ.

ಮೂರನೆಯ ಹೆಜ್ಜೆ: ಯಾರ ಸಹಿಗೆ ಯಾವ ಬಲವಿದೆ ಎಂದು ತಿಳಿಯಿರಿ

ಜಿಲ್ಲೆಯಲ್ಲಿ ಈ ಎರಡು ಕಚೇರಿಗಳು ಒಂದರ ಮೇಲೊಂದು ಅವಲಂಬಿಸಿವೆ. ನಿಷೇಧಾಜ್ಞೆಯನ್ನೇ ತೆಗೆದುಕೊಳ್ಳಿ. 2015ರ ನವೆಂಬರ್‌ನಲ್ಲಿ ಮಡಿಕೇರಿಯಲ್ಲಿ ಘರ್ಷಣೆ ನಡೆದಂಥ ಸನ್ನಿವೇಶದಲ್ಲಿ ಬೀದಿಯಲ್ಲಿ ನಿಲ್ಲುವವರು ಪೊಲೀಸರು, ಆದರೆ ನಿಷೇಧಾಜ್ಞೆ ಹೊರಡಿಸುವ ಅಧಿಕಾರ ಜಿಲ್ಲಾ ದಂಡಾಧಿಕಾರಿಯದು. ಮೊದಲು ದಂಡ ಪ್ರಕ್ರಿಯಾ ಸಂಹಿತೆಯ 144ನೇ ಕಲಮಿನಲ್ಲಿದ್ದ ಈ ಅಧಿಕಾರ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಮಿನಲ್ಲಿದೆ. ಬೆಂಗಳೂರು, ಮೈಸೂರು, ಮಂಗಳೂರಿನಂಥ ಕಮಿಷನರೇಟ್ ಇರುವ ನಗರಗಳಲ್ಲಿ ಮಾತ್ರ ಪೊಲೀಸ್ ಆಯುಕ್ತರೇ ಇಂಥ ಆದೇಶ ಹೊರಡಿಸಬಲ್ಲರು.

ಗಡೀಪಾರಿನ ವಿಷಯವೂ ಹಾಗೆಯೇ. ರೂಢಿಗತ ಅಪರಾಧಿಯೊಬ್ಬನನ್ನು ಜಿಲ್ಲೆಯಿಂದ ಹೊರಗಿಡಬೇಕೆಂದು ಪೊಲೀಸರು ವರದಿ ಸಲ್ಲಿಸುತ್ತಾರೆ. ಕರ್ನಾಟಕ ಪೊಲೀಸ್ ಕಾಯ್ದೆಯಡಿ ಆತನಿಗೆ ನೋಟಿಸು ಕೊಟ್ಟು, ವಾದ ಕೇಳಿ, ಆದೇಶ ಮಾಡುವವರು ಉಪವಿಭಾಗ ದಂಡಾಧಿಕಾರಿಗಳು. ವರದಿಯಲ್ಲಿ ಹುರುಳಿಲ್ಲದಿದ್ದರೆ ಅವರು ಅದನ್ನು ತಿರಸ್ಕರಿಸಬೇಕು. ತಾನು ನಿಶ್ಚಿತವಾಗಿ ನಂಬಿದ ಸಂಗತಿಯನ್ನು ಇನ್ನೊಬ್ಬ ಅಧಿಕಾರಿಯ ಮುಂದೆ ಸಾಬೀತುಪಡಿಸುವ ತಾಳ್ಮೆ ಪೊಲೀಸ್ ಅಧಿಕಾರಿಗೆ ಬೇಕು. ಸಹೋದ್ಯೋಗಿಯ ವರದಿಗೂ ಸಾಕ್ಷ್ಯ ಕೇಳುವ ದಿಟ್ಟತನ ಆಡಳಿತಾಧಿಕಾರಿಗೆ ಬೇಕು.

ತೋಟದ ಕಾರ್ಮಿಕರ ಸಾಲುಮನೆಯಾದ ಲೈನ್ ಮನೆಯಲ್ಲಿ ವಾಸಿಸುವ, ಪರಿಶಿಷ್ಟ ಪಂಗಡಕ್ಕೆ ಸೇರಿದ ಯರವ ಕಾರ್ಮಿಕನೊಬ್ಬನ ಮೇಲೆ ಹಲ್ಲೆಯಾಯಿತು ಎಂದುಕೊಳ್ಳಿ. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಯಡಿ ದಾಖಲಾದ ಪ್ರಕರಣವನ್ನು ಡಿವೈಎಸ್‌ಪಿ ದರ್ಜೆಗಿಂತ ಕೆಳಗಿನವರು ತನಿಖೆ ಮಾಡುವಂತಿಲ್ಲ. ಹಾಗಾಗಿ ಕಿರಿಯ ಐಪಿಎಸ್ ಅಧಿಕಾರಿಯೇ ಸ್ಥಳಕ್ಕೆ ಹೋಗಿ, ಮಾಲೀಕರ ಭಯದಿಂದ ಬಾಯಿ ಬಿಡದ ಸಾಕ್ಷಿಗಳೊಂದಿಗೆ ಕುಳಿತು, ಅವರ ಹೇಳಿಕೆ ಪಡೆಯಬೇಕಾಗುತ್ತದೆ. ಸಂತ್ರಸ್ತನಿಗೆ ಪರಿಹಾರಧನ ಸಿಕ್ಕಿದೆಯೇ, ಪ್ರಕರಣ ಎಲ್ಲಿಗೆ ಬಂತು ಎಂದು ಪರಿಶೀಲಿಸುವ ಜಿಲ್ಲಾ ಜಾಗೃತಿ ಮತ್ತು ಉಸ್ತುವಾರಿ ಸಮಿತಿಗೆ ಜಿಲ್ಲಾಧಿಕಾರಿ ಅಧ್ಯಕ್ಷರು. ಒಬ್ಬರು ಸತ್ಯವನ್ನು ಹೊರತರಬೇಕು, ಇನ್ನೊಬ್ಬರು ಆ ಮನುಷ್ಯ ಮತ್ತೆ ಬದುಕು ಕಟ್ಟಿಕೊಳ್ಳುವಂತೆ ನೋಡಿಕೊಳ್ಳಬೇಕು.

ಕೊಡಗಿಗೇ ವಿಶಿಷ್ಟವಾದ ಬಂದೂಕಿನ ವಿಷಯದಲ್ಲೂ ಇದೇ ನಂಟು ಕಾಣುತ್ತದೆ. ಕೊಡವರಿಗೆ ಮತ್ತು ಜಮ್ಮಾ (ವಂಶಪಾರಂಪರ್ಯವಾಗಿ ಬಂದ) ಜಮೀನಿನ ಹಿಡುವಳಿದಾರರಿಗೆ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿದೆ, 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ವಿನಾಯಿತಿ ಪತ್ರ ಜಿಲ್ಲಾಡಳಿತದಿಂದ ಬರುತ್ತದೆ, ಆ ಬಂದೂಕಿನಿಂದ ಅನಾಹುತವಾದರೆ ತನಿಖೆ ಪೊಲೀಸರದು. ಸಂದರ್ಶನದಲ್ಲಿ ಕೊಡಗಿನವರಿಗೆ ಈ ಪ್ರಶ್ನೆ ಬಂದರೆ ಆಶ್ಚರ್ಯಪಡಬೇಕಿಲ್ಲ.

ನಾಲ್ಕನೆಯ ಹೆಜ್ಜೆ: ಕಚೇರಿಗಳಲ್ಲಿ ಕುಳಿತು ನೋಡಿ

ಇದು ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ, ಬಹುತೇಕರು ಬಿಟ್ಟುಬಿಡುವುದೂ ಇದನ್ನೇ. ಪೂರ್ವಭಾವಿ ಪರೀಕ್ಷೆಯ ಓದಿನ ಒತ್ತಡ ಇಲ್ಲದ ವಾರಗಳಲ್ಲಿ ಇದಕ್ಕೆ ಸಮಯ ಮೀಸಲಿಡಿ.

ಮೊದಲು ಮಡಿಕೇರಿಯ ಉಪವಿಭಾಗಾಧಿಕಾರಿ ನ್ಯಾಯಾಲಯಕ್ಕೆ ಹೋಗಿ. ಪಹಣಿ ತಿದ್ದುಪಡಿಯ ಮೇಲ್ಮನವಿಗಳು ಕರ್ನಾಟಕ ಭೂಕಂದಾಯ ಕಾಯ್ದೆಯ 136ನೇ ಕಲಮಿನಡಿ ಇಲ್ಲಿ ವಿಚಾರಣೆಗೆ ಬರುತ್ತವೆ, ಇಲ್ಲಿನ ಆದೇಶದ ಮೇಲೆ ಜಿಲ್ಲಾಧಿಕಾರಿಗೆ ಪರಿಷ್ಕರಣಾ ಅರ್ಜಿ ಹೋಗುತ್ತದೆ. ಜಮ್ಮಾ ಬಾಣೆ (ಗದ್ದೆಗೆ ಹೊಂದಿಕೊಂಡ ಮರಕಾಡಿನ ಜಾಗ) ಜಮೀನಿನ ವ್ಯಾಜ್ಯವಾದರೆ ಪಟ್ಟೇದಾರರ ಹೆಸರು ಒಂದು, ಅನುಭವದಲ್ಲಿರುವವರು ಹಲವರು, ಕೆಲವರು ಊರಲ್ಲಿಲ್ಲ, ಹಳೆಯ ದಾಖಲೆಯ ಅಳತೆಗೂ ಸರ್ವೆ ನಕ್ಷೆಗೂ ಹೊಂದಾಣಿಕೆಯಿಲ್ಲ. ವಕೀಲರು ಸಮಯ ಕೇಳುತ್ತಾರೆ, ಮುಂದಿನ ದಿನಾಂಕ ಬೀಳುತ್ತದೆ. ಕಾಫಿ ತೋಟದ ಸಾಲಕ್ಕಾಗಿ ದಾಖಲೆ ಬೇಕಾದ ರೈತ ಹಿಂದಿನ ಬೆಂಚಿನಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಕಾಗದಗಳನ್ನು ಹಿಡಿದು ಕುಳಿತಿರುತ್ತಾನೆ. ಇದನ್ನು ಅರ್ಧ ದಿನ ನೋಡಿದ ಮೇಲೆ ನಿಮಗೆ ಬೇಸರ ಬಂದಿತೋ, ಆ ಗಂಟನ್ನು ಹೀಗೆ ಬಿಡಿಸಬಹುದಲ್ಲ ಎಂದು ತಲೆ ಓಡಿತೋ ಗಮನಿಸಿ. ಐಎಎಸ್ ಅಧಿಕಾರಿಯ ಮೊದಲ ಸ್ವತಂತ್ರ ಹುದ್ದೆ ಇದೇ.

ನಿಮ್ಮ ಗ್ರಾಮ ಪಂಚಾಯಿತಿಯ ಗ್ರಾಮಸಭೆಗೂ ಹೋಗಿ ಕೊನೆಯವರೆಗೆ ಕುಳಿತುಕೊಳ್ಳಿ. ಕಾಡಾನೆ ಹಾವಳಿ, ಕುಡಿಯುವ ನೀರು, ನಿವೇಶನ, ಕಸ ಎಂದು ಒಂದೇ ಸಭೆಯಲ್ಲಿ ಹತ್ತು ಇಲಾಖೆಗಳ ದೂರುಗಳು ಬರುತ್ತವೆ. ಅವುಗಳಲ್ಲಿ ಅನೇಕವು ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಹಣಾಧಿಕಾರಿಯ ಮೇಜಿಗೇ ಹೋಗುತ್ತವೆ. ಯಾವುದರಲ್ಲೂ ಪೂರ್ಣ ಪರಿಣತಿ ಇಲ್ಲದೆಯೂ ಎಲ್ಲದರ ಬಗ್ಗೆ ತಜ್ಞರನ್ನು ಕೇಳಿ ತೀರ್ಮಾನಿಸುವುದು ಆಡಳಿತ ಸೇವೆಯ ಸ್ವರೂಪ. ಒಂದೇ ಕ್ಷೇತ್ರದಲ್ಲಿ ಆಳಕ್ಕಿಳಿಯಬೇಕೆಂಬ ಹಂಬಲ ಉಳ್ಳವರಿಗೆ ಇದು ಅತೃಪ್ತಿ ತರಬಹುದು.

ಪೊಲೀಸ್ ಕೆಲಸವನ್ನು ನೋಡುವುದು ಇಷ್ಟು ಸುಲಭವಲ್ಲ, ಠಾಣೆಯಲ್ಲಿ ಸುಮ್ಮನೆ ಕುಳಿತು ನೋಡಲು ಬಿಡುವುದಿಲ್ಲ, ಬಿಡಬಾರದು ಕೂಡ. ಆದರೆ ಜಿಲ್ಲಾ ನ್ಯಾಯಾಲಯದ ಬಾಗಿಲು ತೆರೆದಿರುತ್ತದೆ. ಕ್ರಿಮಿನಲ್ ಪ್ರಕರಣವೊಂದರಲ್ಲಿ ತನಿಖಾಧಿಕಾರಿಯ ಪಾಟೀಸವಾಲು ನಡೆಯುವ ದಿನ ಹೋಗಿ ಹಿಂದೆ ಕುಳಿತುಕೊಳ್ಳಿ. ಮಹಜರಿನ ಸಮಯ ಮತ್ತು ಸಾಕ್ಷಿಯ ಹೇಳಿಕೆಯ ಸಮಯದ ನಡುವಿನ ಸಣ್ಣ ವ್ಯತ್ಯಾಸವನ್ನು ಹಿಡಿದು ವಕೀಲರು ಇಡೀ ಪ್ರಕರಣವನ್ನು ಹೇಗೆ ಅಲುಗಾಡಿಸುತ್ತಾರೆ ಎಂಬುದನ್ನು ಕಂಡರೆ ತನಿಖೆಯ ಗುಣಮಟ್ಟ ಎಂದರೇನು ಎಂದು ಅರ್ಥವಾಗುತ್ತದೆ.

ಮಡಿಕೇರಿ ದಸರೆಯ ವಿಜಯದಶಮಿ ರಾತ್ರಿಯನ್ನು ಈ ಬಾರಿ ಮಂಟಪಗಳಿಂದ ಕಣ್ಣು ತೆಗೆದು ಬಂದೋಬಸ್ತಿನ ಕಡೆ ನೋಡಿ. ದಶಮಂಟಪಗಳು ಇಕ್ಕಟ್ಟಾದ, ಏರಿಳಿತದ ರಸ್ತೆಗಳಲ್ಲಿ ಬೆಳಗಿನವರೆಗೂ ಚಲಿಸುತ್ತವೆ. ಒಂದು ಮಂಟಪ ತಡವಾದರೆ ಹಿಂದಿನದು ನಿಲ್ಲುತ್ತದೆ, ಜನ ಒತ್ತರಿಸುತ್ತಾರೆ, ಆಂಬುಲೆನ್ಸಿಗೆ ದಾರಿ ಬೇಕಾಗುತ್ತದೆ, ಧ್ವನಿವರ್ಧಕದ ವಿಷಯಕ್ಕೆ ಮಾತು ಬೆಳೆಯುತ್ತದೆ. ಹೊರಜಿಲ್ಲೆಗಳಿಂದ ಬಂದ ಸಿಬ್ಬಂದಿಗೆ ಊರಿನ ಓಣಿಗಳ ಪರಿಚಯವಿರುವುದಿಲ್ಲ. ಅವರಿಗೆ ಊಟ, ಬದಲಿ ಪಾಳಿ, ಮಳೆ ಬಂದರೆ ನಿಲ್ಲಲು ಜಾಗ ಎಲ್ಲವನ್ನೂ ಮೇಲಧಿಕಾರಿ ಮೊದಲೇ ಯೋಚಿಸಿರಬೇಕು. ಏನೂ ಅಹಿತಕರವಾಗದೆ ಬೆಳಗಾದರೆ ಅದೇ ಯಶಸ್ಸು, ಅದನ್ನು ಯಾರೂ ಗುರುತಿಸುವುದಿಲ್ಲ. ಯಾರೂ ಗುರುತಿಸದ ಈ ಯಶಸ್ಸಿನಲ್ಲಿ ನಿಮಗೆ ತೃಪ್ತಿ ಸಿಗುವುದಾದರೆ ಪೊಲೀಸ್ ಸೇವೆ ನಿಮ್ಮದು ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ಐದನೆಯ ಹೆಜ್ಜೆ: ದೇಹದ ಮಾನದಂಡಗಳನ್ನು ಮೊದಲೇ ಪರೀಕ್ಷಿಸಿಕೊಳ್ಳಿ

ಐಪಿಎಸ್‌ಗೆ ಪುರುಷರಿಗೆ ಕನಿಷ್ಠ 165 ಸೆಂಟಿಮೀಟರ್, ಮಹಿಳೆಯರಿಗೆ 150 ಸೆಂಟಿಮೀಟರ್ ಎತ್ತರ ಬೇಕು. ಪರಿಶಿಷ್ಟ ಪಂಗಡದವರಿಗೆ ಇದು ಕ್ರಮವಾಗಿ 160 ಮತ್ತು 145ಕ್ಕೆ ಸಡಿಲವಾಗುತ್ತದೆ. ಜೇನುಕುರುಬ, ಬೆಟ್ಟಕುರುಬ, ಯರವ ಸಮುದಾಯಗಳ ಪದವೀಧರರು ಎತ್ತರದ ಅಂಜಿಕೆಯಿಂದ ಈ ಸೇವೆಯನ್ನು ಕೈಬಿಡುವ ಮುನ್ನ ಈ ಸಡಿಲಿಕೆಯನ್ನು ತಿಳಿದಿರಬೇಕು. ಎದೆಯ ಸುತ್ತಳತೆ ಪುರುಷರಿಗೆ 84, ಮಹಿಳೆಯರಿಗೆ 79 ಸೆಂಟಿಮೀಟರ್ ಇದ್ದು, ಉಸಿರೆಳೆದಾಗ 5 ಸೆಂಟಿಮೀಟರ್ ಹಿಗ್ಗಬೇಕು. ಕನ್ನಡಕ ಧರಿಸುವವರೂ ಅರ್ಹರಾಗಬಹುದು, ಆದರೆ ದೃಷ್ಟಿಯ ಮತ್ತು ಬಣ್ಣ ಗುರುತಿಸುವ ಸಾಮರ್ಥ್ಯದ ಮಾನದಂಡ ಕಟ್ಟುನಿಟ್ಟಾಗಿದೆ. ತಮಗೆ ಬಣ್ಣಗುರುಡಿದೆ ಎಂಬುದೇ ಗೊತ್ತಿಲ್ಲದೆ ಸಂದರ್ಶನದವರೆಗೂ ಹೋಗುವವರಿದ್ದಾರೆ. ಮಡಿಕೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಯ ನೇತ್ರ ವಿಭಾಗದಲ್ಲಿ ಈ ತಪಾಸಣೆಗೆ ಒಂದು ಬೆಳಗು ಸಾಕು. ಐಎಎಸ್‌ಗೆ ಎತ್ತರ, ಎದೆಯಳತೆಯ ಇಂಥ ನಿರ್ಬಂಧವಿಲ್ಲ. ಅಂಗವಿಕಲರಿಗೆ ಐಎಎಸ್‌ನಲ್ಲಿ ಮೀಸಲಾತಿ ಇದೆ, ಐಪಿಎಸ್‌ನಲ್ಲಿ ಇಲ್ಲ.

ಆರನೆಯ ಹೆಜ್ಜೆ: ಮನೆಯವರೊಂದಿಗೆ ಕುಳಿತು ಮಾತನಾಡಿ

ಮಗ ಅಥವಾ ಮಗಳು ಜಿಲ್ಲಾಧಿಕಾರಿಯೋ ಎಸ್‌ಪಿಯೋ ಆಗಿ ಮಡಿಕೇರಿಗೇ ಬರುತ್ತಾರೆ ಎಂದು ಅನೇಕ ಹಿರಿಯರು ಆಸೆಯಿಂದ ಹೇಳುತ್ತಾರೆ. ಅವರ ಆಸೆಗೆ ನೋವಾದರೂ ನಿಜವನ್ನು ತಿಳಿಸುವುದು ಒಳ್ಳೆಯದು. ಯಾವ ರಾಜ್ಯದ ಕೇಡರ್ ಸಿಗುತ್ತದೆ ಎಂಬುದು ನಿಮ್ಮ ಕೈಯಲ್ಲಿಲ್ಲ, ಪ್ರತಿ ರಾಜ್ಯದಲ್ಲೂ ಹೊರಗಿನವರು ಮತ್ತು ಅದೇ ರಾಜ್ಯದವರ ಅನುಪಾತವನ್ನು ಎರಡಕ್ಕೊಂದು ಎಂದು ಇಡಲಾಗಿದೆ. ಕೊಡಗಿನ ಸಿ.ಜಿ. ಸೋಮಯ್ಯ ಅವರು ಐಎಎಸ್‌ನಲ್ಲಿ ಒಡಿಶಾ ಕೇಡರಿನಲ್ಲಿ ಸೇವೆ ಸಲ್ಲಿಸಿ, ಕೇಂದ್ರ ಗೃಹ ಕಾರ್ಯದರ್ಶಿಯಾಗಿ, 1990ರಿಂದ 1996ರವರೆಗೆ ಭಾರತದ ಮಹಾಲೇಖಪಾಲರಾಗಿ ಕೆಲಸ ಮಾಡಿದರು. ಕರ್ನಾಟಕದ ಕೇಡರೇ ಸಿಕ್ಕರೂ ಸ್ವಂತ ಜಿಲ್ಲೆಯ ಹುದ್ದೆಯನ್ನು ನೆಚ್ಚಿಕೊಳ್ಳಬಾರದು. ಚುನಾವಣೆಯ ಹೊತ್ತಿನಲ್ಲಂತೂ ಚುನಾವಣಾ ಕೆಲಸಕ್ಕೆ ಸಂಬಂಧಿಸಿದ ಅಧಿಕಾರಿಗಳನ್ನು ತವರು ಜಿಲ್ಲೆಯಲ್ಲಿ ಇರಿಸುವುದಿಲ್ಲ.

ಸೋಮಯ್ಯನವರ ಉದಾಹರಣೆಯಲ್ಲಿ ಇನ್ನೊಂದು ಅಂಶವೂ ಇದೆ. ಐಪಿಎಸ್ ಸೇವೆಯನ್ನು ನಿಯಂತ್ರಿಸುವುದು ಗೃಹ ಸಚಿವಾಲಯ, ಅದರ ಕಾರ್ಯದರ್ಶಿ ಸ್ಥಾನಕ್ಕೆ ಸಾಮಾನ್ಯವಾಗಿ ಬರುವವರು ಐಎಎಸ್ ಅಧಿಕಾರಿಗಳು. ನೀತಿ ರೂಪಿಸುವ ಮೇಜಿನಲ್ಲಿ ಕುಳಿತುಕೊಳ್ಳಬೇಕೆಂಬ ಹಂಬಲವಿದ್ದರೆ ಆಡಳಿತ ಸೇವೆಯಲ್ಲಿ ಅದಕ್ಕೆ ದಾರಿಗಳು ಹೆಚ್ಚು. ಕೃಷಿ, ಶಿಕ್ಷಣ, ಹಣಕಾಸು, ಆರೋಗ್ಯ ಹೀಗೆ ಇಲಾಖೆಗಳು ಬದಲಾಗುತ್ತಾ ಹೋಗುತ್ತವೆ. ಐಪಿಎಸ್‌ನಲ್ಲಿ ಎಎಸ್‌ಪಿಯಿಂದ ಎಸ್‌ಪಿ, ಡಿಐಜಿ, ಐಜಿ, ಎಡಿಜಿಪಿ, ಡಿಜಿಪಿವರೆಗಿನ ಏಣಿ ಒಂದೇ ಕ್ಷೇತ್ರದೊಳಗಿನದು. ಕೇಂದ್ರ ಸೇವೆಗೆ ಹೋದರೆ ಸಿಬಿಐ, ಗುಪ್ತಚರ ದಳ, ಎನ್‌ಐಎ, ಸಿಆರ್‌ಪಿಎಫ್, ಬಿಎಸ್‌ಎಫ್‌ನಂಥ ಸಂಸ್ಥೆಗಳಲ್ಲಿ ಅವಕಾಶವಿದೆ. ಸೈನ್ಯದ ಬದುಕನ್ನು ನಿಜವಾಗಿ ಇಷ್ಟಪಡುವವರಿಗೆ ಗಡಿ ಕಾಯುವ ಪಡೆಗಳ ನಾಯಕತ್ವ ಹತ್ತಿರವೆನಿಸಬಹುದು.

ಸಂಬಳದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಎರಡೂ ಸೇವೆಗಳು 56,100 ರೂಪಾಯಿ ಮೂಲವೇತನದಿಂದ ಆರಂಭವಾಗುತ್ತವೆ, ಮುಂದಿನ ವ್ಯತ್ಯಾಸ ನಿರ್ಧಾರವನ್ನು ಬದಲಿಸುವಷ್ಟು ದೊಡ್ಡದಲ್ಲ. ತೋಟವಿರುವ ಕುಟುಂಬದವರು ಮಾತ್ರ ಒಂದು ಮಾತು ನೆನಪಿಡಬೇಕು: 1968ರ ಅಖಿಲ ಭಾರತ ಸೇವೆಗಳ ನಡತೆ ನಿಯಮಗಳ ಪ್ರಕಾರ ಪ್ರತಿವರ್ಷ ಸ್ಥಿರಾಸ್ತಿಯ ವಿವರ ಸಲ್ಲಿಸಬೇಕು, ಅನುಮತಿಯಿಲ್ಲದೆ ವ್ಯಾಪಾರ ವಹಿವಾಟು ನಡೆಸುವಂತಿಲ್ಲ. ಹೋಂಸ್ಟೇ ನಡೆಸುವ ಮನೆಗಳಲ್ಲಿ ಈ ವಿಷಯವನ್ನು ಮೊದಲೇ ಚರ್ಚಿಸಬೇಕು.

ಸಂಸಾರದ ದೃಷ್ಟಿಯಿಂದ ನೋಡಿದರೆ ವರ್ಗಾವಣೆ ಎರಡೂ ಕಡೆ ಇದೆ. ಆದರೆ ನಡುರಾತ್ರಿಯ ಕರೆಗಳು, ಹಬ್ಬದ ದಿನ ಮನೆಯಲ್ಲಿ ಇರಲಾಗದಿರುವುದು, ಸಾವು ಹಿಂಸೆಗಳನ್ನು ಹತ್ತಿರದಿಂದ ನೋಡುವುದು ಪೊಲೀಸ್ ಸೇವೆಯಲ್ಲಿ ಹೆಚ್ಚು. ಸುಗ್ಗಿಹಬ್ಬ ಪುತ್ತರಿಯ ದಿನ ಕುಲದ ಮೂಲಮನೆಯಾದ ಐನ್‌ಮನೆಗೆ ಬರಲಾಗದ ವರ್ಷಗಳು ಸಾಲುಸಾಲಾಗಿ ಬರಬಹುದು. ಇದನ್ನು ಮದುವೆಯಾಗುವವರಿಗೂ ಹೆತ್ತವರಿಗೂ ಮೊದಲೇ ಹೇಳಿಡುವುದು ನ್ಯಾಯ.

ಏಳನೆಯ ಹೆಜ್ಜೆ: ವಯಸ್ಸು, ಪ್ರಯತ್ನಗಳು ಮತ್ತು ಅಕ್ಕಪಕ್ಕದ ದಾರಿಗಳು

ಸಾಮಾನ್ಯ ವರ್ಗದವರಿಗೆ 32 ವರ್ಷದವರೆಗೆ 6 ಪ್ರಯತ್ನಗಳು, ಹಿಂದುಳಿದ ವರ್ಗದವರಿಗೆ 35ರವರೆಗೆ 9 ಪ್ರಯತ್ನಗಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 37ರವರೆಗೆ ಎಷ್ಟು ಬಾರಿಯಾದರೂ ಬರೆಯುವ ಅವಕಾಶವಿದೆ. ಕನಿಷ್ಠ 5 ವರ್ಷ ಸೇವೆ ಸಲ್ಲಿಸಿ ಬಿಡುಗಡೆಯಾದ ಸೇನಾ ಅಧಿಕಾರಿಗಳಿಗೆ ಐದು ವರ್ಷಗಳವರೆಗೆ ವಯೋಮಿತಿ ಸಡಿಲಿಕೆ ಇದೆ. ಶಾರ್ಟ್ ಸರ್ವಿಸ್ ಮುಗಿಸಿ ಊರಿಗೆ ಮರಳಿದ ನಮ್ಮ ಅನೇಕರಿಗೆ ಇದು ಉಪಯುಕ್ತ. ಮುಖ್ಯ ಪರೀಕ್ಷೆಯ 1750 ಮತ್ತು ಸಂದರ್ಶನದ 275, ಒಟ್ಟು 2025 ಅಂಕಗಳ ಮೇಲೆ ರ‍್ಯಾಂಕ್ ನಿರ್ಧಾರವಾಗುತ್ತದೆ. ಕನ್ನಡದಲ್ಲೇ ಉತ್ತರ ಬರೆಯಬಹುದು, ಕನ್ನಡದಲ್ಲೇ ಸಂದರ್ಶನ ಎದುರಿಸಬಹುದು. ಕೊಡವ ತಕ್ಕ್ ಮತ್ತು ಅರೆಭಾಷೆ ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಗಳ ಪಟ್ಟಿಯಲ್ಲಿ ಇಲ್ಲದ ಕಾರಣ ಅವುಗಳನ್ನು ಮನೆಮಾತಾಗಿ ಉಳ್ಳವರು ಭಾರತೀಯ ಭಾಷೆಯ ಅರ್ಹತಾ ಪತ್ರಿಕೆಗೆ ಕನ್ನಡವನ್ನು ಗಟ್ಟಿಮಾಡಿಕೊಳ್ಳಬೇಕು. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರು ಇದನ್ನು ಹಗುರವಾಗಿ ಕಾಣುತ್ತಾರೆ. ಅದರಲ್ಲಿ ಅನುತ್ತೀರ್ಣರಾದರೆ ಉಳಿದ ಉತ್ತರಪತ್ರಿಕೆಗಳನ್ನು ಪರಿಗಣಿಸುವುದೇ ಇಲ್ಲ.

ಕರ್ನಾಟಕದಲ್ಲೇ ಇರಬೇಕು ಎಂಬುದು ನಿಮ್ಮ ಮುಖ್ಯ ಅಪೇಕ್ಷೆಯಾದರೆ ಕರ್ನಾಟಕ ಲೋಕಸೇವಾ ಆಯೋಗದ ಗೆಜೆಟೆಡ್ ಪ್ರೊಬೇಷನರ್ ಪರೀಕ್ಷೆಯನ್ನು ಎರಡನೆಯ ದರ್ಜೆಯ ದಾರಿ ಎಂದು ಭಾವಿಸಬೇಡಿ. ಉಪವಿಭಾಗಾಧಿಕಾರಿ ಮತ್ತು ಡಿವೈಎಸ್‌ಪಿ ಎರಡೂ ಹುದ್ದೆಗಳು ಅಲ್ಲಿವೆ, ಇದೇ ಆಯ್ಕೆಯ ಪ್ರಶ್ನೆ ಅಲ್ಲಿಯೂ ಎದುರಾಗುತ್ತದೆ, ಮುಂದೆ ಬಡ್ತಿಯ ಮೂಲಕ ಐಎಎಸ್ ಅಥವಾ ಐಪಿಎಸ್‌ಗೆ ಸೇರುವ ಅವಕಾಶವೂ ಇದೆ. ಕಾಡು ಮತ್ತು ವನ್ಯಜೀವಿಗಳ ವಿಷಯವೇ ಹೆಚ್ಚು ಕಾಡುತ್ತಿದ್ದರೆ, ಮುಖ್ಯವಾಗಿ ಪೊನ್ನಂಪೇಟೆಯ ಅರಣ್ಯ ಕಾಲೇಜಿನ ಪದವೀಧರರು, ಭಾರತೀಯ ಅರಣ್ಯ ಸೇವೆಯನ್ನು ನೋಡಬೇಕು. ಅದರ ಪೂರ್ವಭಾವಿ ಪರೀಕ್ಷೆ ಇದೇ, ಮುಖ್ಯ ಪರೀಕ್ಷೆ ಬೇರೆ.

ಎಂಟನೆಯ ಹೆಜ್ಜೆ: ಆದ್ಯತಾ ಕ್ರಮವನ್ನು ತುಂಬುವುದು

ಹಂಚಿಕೆಯ ರೀತಿ ಸರಳವಾಗಿದೆ. ರ‍್ಯಾಂಕ್ ಕ್ರಮದಲ್ಲಿ ಒಬ್ಬೊಬ್ಬರ ಪಟ್ಟಿಯನ್ನು ಮೇಲಿನಿಂದ ನೋಡುತ್ತಾ ಬಂದು, ಅವರ ವರ್ಗದಲ್ಲಿ ಸ್ಥಾನ ಖಾಲಿಯಿರುವ ಮೊದಲ ಸೇವೆಯನ್ನು ಕೊಡಲಾಗುತ್ತದೆ. ಐಎಎಸ್‌ಗೆ ವರ್ಷಕ್ಕೆ ಸುಮಾರು 180 ಸ್ಥಾನಗಳಿರುವುದರಿಂದ ಸಾಮಾನ್ಯ ವರ್ಗದಲ್ಲಿ ಮೊದಲ ನೂರರ ಆಸುಪಾಸಿನಲ್ಲೇ ಅವು ಮುಗಿಯುವುದುಂಟು. ಆದ್ದರಿಂದ ಐಎಎಸ್ ಅನ್ನು ಮೊದಲು ಬರೆದವರಿಗೆ ಐಪಿಎಸ್ ಸಿಗುವುದು ಸಾಮಾನ್ಯ. ಐಪಿಎಸ್ ಅನ್ನು ಮೊದಲು ಬರೆದವರಿಗೆ ಎಷ್ಟೇ ಮೇಲಿನ ರ‍್ಯಾಂಕ್ ಬಂದರೂ ಐಪಿಎಸ್ಸೇ ಸಿಗುತ್ತದೆ. ಇಷ್ಟವಾದದ್ದು ಪೊಲೀಸ್ ಸೇವೆಯಾಗಿದ್ದೂ ಊರವರು ಏನೆಂದಾರು ಎಂದು ಐಎಎಸ್ ಅನ್ನು ಮೇಲೆ ಬರೆಯುವುದು, ಅಥವಾ ಆಡಳಿತದ ಕಡೆ ಮನಸ್ಸಿದ್ದೂ ಸಮವಸ್ತ್ರದ ಮೋಹಕ್ಕೆ ಐಪಿಎಸ್ ಬರೆಯುವುದು ಎರಡೂ ಬೇಡ. ಈ ಪಟ್ಟಿಗೆ ತಂತ್ರಗಾರಿಕೆಯೇ ಬೇಕಿಲ್ಲ. ನಿಜವಾದ ಇಷ್ಟದ ಕ್ರಮವನ್ನು ಬರೆಯುವುದರಿಂದ ಯಾರಿಗೂ ನಷ್ಟವಾಗುವುದಿಲ್ಲ.

ಸಂದರ್ಶನ ಮಂಡಳಿ ಈ ಕ್ರಮದ ಬಗ್ಗೆ ಕೇಳಬಹುದು. ಸೇನೆಯ ಪರಂಪರೆಯಿಂದ ಬಂದ ನೀವು ಪೊಲೀಸ್ ಸೇವೆಯನ್ನು ಎರಡನೆಯದಾಗಿ ಇಟ್ಟದ್ದೇಕೆ ಎಂಬ ಪ್ರಶ್ನೆಗೆ, ಉಪವಿಭಾಗಾಧಿಕಾರಿ ನ್ಯಾಯಾಲಯದಲ್ಲಿ ಕಂಡ ಜಮ್ಮಾ ಜಮೀನಿನ ವ್ಯಾಜ್ಯವನ್ನು ವಿವರಿಸಿ ಉತ್ತರಿಸಬಲ್ಲ ಅಭ್ಯರ್ಥಿಯ ಮಾತಿಗೆ ಬರುವ ತೂಕ ಜನಸೇವೆಯ ಬಗ್ಗೆ ಉರುಹೊಡೆದ ವಾಕ್ಯಗಳಿಗೆ ಬರುವುದಿಲ್ಲ. ನಾಲ್ಕನೆಯ ಹೆಜ್ಜೆಯಲ್ಲಿ ನೋಡಿದ್ದನ್ನೆಲ್ಲ ಆಯಾ ದಿನವೇ ಬರೆದಿಡಲು ಹೇಳುವುದು ಇದಕ್ಕಾಗಿಯೇ.

ಒಂಬತ್ತನೆಯ ಹೆಜ್ಜೆ: ಬಯಸಿದ ಸೇವೆ ಸಿಗದಿದ್ದರೆ

2019ರಲ್ಲಿ ಕೊಡಗಿನ ಜಿಲ್ಲಾಧಿಕಾರಿಯಾಗಿ ಬಂದ ಅನೀಸ್ ಕಣ್ಮಣಿ ಜಾಯ್ ಅವರು ನರ್ಸಿಂಗ್ ಪದವೀಧರರು. ಮೊದಲು ಬೇರೊಂದು ಸೇವೆಗೆ ಆಯ್ಕೆಯಾಗಿ, ಮತ್ತೆ ಪರೀಕ್ಷೆ ಬರೆದು ಐಎಎಸ್ ಪಡೆದವರು. ಹೀಗೆ ಮತ್ತೆ ಪ್ರಯತ್ನಿಸುವುದರಲ್ಲಿ ತಪ್ಪೇನಿಲ್ಲ. ಆದರೆ ನಿಯಮಗಳು ಎಲ್ಲ ಸೇವೆಗಳಿಗೂ ಒಂದೇ ರೀತಿ ಇಲ್ಲ. ಐಎಎಸ್ ಅಥವಾ ವಿದೇಶಾಂಗ ಸೇವೆಯಲ್ಲಿ ಮುಂದುವರಿಯುತ್ತಿರುವವರು ಮತ್ತೆ ಈ ಪರೀಕ್ಷೆ ಬರೆಯುವಂತಿಲ್ಲ. ಐಪಿಎಸ್‌ನಲ್ಲಿರುವವರು ಮತ್ತೆ ಐಪಿಎಸ್ ಕೇಳುವಂತಿಲ್ಲ. ಸೇವೆಗೆ ಸೇರಿದವರ ಮರುಪ್ರಯತ್ನಕ್ಕೆ ಇರುವ ಷರತ್ತುಗಳನ್ನು ಆಯಾ ವರ್ಷದ ಅಧಿಸೂಚನೆಯಲ್ಲಿ ಸಾಲುಸಾಲಾಗಿ ಓದಿಕೊಳ್ಳಿ, ಹಿಂದಿನ ವರ್ಷ ಬರೆದವರ ಮಾತನ್ನು ನಂಬಿ ಕೂರಬೇಡಿ.

ಐಪಿಎಸ್ ಸಿಕ್ಕಿ, ಮತ್ತೊಮ್ಮೆ ಐಎಎಸ್‌ಗೆ ಬರೆಯಬೇಕೆಂದಿದ್ದರೆ ಹೈದರಾಬಾದಿನ ರಾಷ್ಟ್ರೀಯ ಪೊಲೀಸ್ ಅಕಾಡೆಮಿಯ ತರಬೇತಿಗೆ ಸೇರುವ ಮುನ್ನವೇ ಅದನ್ನು ತೀರ್ಮಾನಿಸಿ, ಗಡುವನ್ನೂ ಹಾಕಿಕೊಳ್ಳಿ. ಕವಾಯತು, ಕುದುರೆ ಸವಾರಿ, ಶಸ್ತ್ರಾಭ್ಯಾಸ, ವಿಧಿವಿಜ್ಞಾನ, ಕಾನೂನು ಎಂದು ಮುಂಜಾವಿನಿಂದಲೇ ಆರಂಭವಾಗುವ ದಿನಚರಿಯಲ್ಲಿ ಪರೀಕ್ಷೆಯ ಓದಿಗೆ ಸಿಗುವ ಸಮಯ ಬಹಳ ಕಡಿಮೆ. ಅದರ ನಂತರದ ಜಿಲ್ಲಾ ತರಬೇತಿಯಲ್ಲಿ ಕೆಲವು ಕಾಲ ಠಾಣೆಯೊಂದರ ಪೂರ್ಣ ಹೊಣೆ ನಿಮ್ಮದಾಗುತ್ತದೆ. ಕಾಣೆಯಾದ ಮಗುವಿನ ದೂರು ಹಿಡಿದು ರಾತ್ರಿ ಹತ್ತಕ್ಕೆ ಬರುವ ತಾಯಿಗೆ ಆ ಠಾಣಾಧಿಕಾರಿಯ ಪೂರ್ಣ ಗಮನ ಬೇಕು. ಆದ್ದರಿಂದ ಮರುಪ್ರಯತ್ನದ ವಿಚಾರ ಠಾಣೆಯ ಹೊಣೆ ವಹಿಸಿಕೊಳ್ಳುವ ದಿನಕ್ಕಿಂತ ಮೊದಲೇ ಇತ್ಯರ್ಥವಾಗಿರಬೇಕು.